ಎತ್ತಿನ ಹಲ್ಲು, ಮನೆಯ ಗೋಡೆ

ಕಳೆದ ದೀಪಾವಳಿಗೆ ದುಂಡಸಿಗೆ ಹೋಗಿದ್ದೆ. ಹುಬ್ಬಳ್ಳಿಯಲ್ಲಿ ನನ್ನ ತಮ್ಮ ಮನೆ ಕೊಂಡ ಸುದ್ದಿ ಹೇಳಿದಾಗ ಕಟ್ಟೆ ಮೇಲೆ ಕೂತಿದ್ದ ಕಾಕಾ, "ಯಾರನ್ನ ಕರಕೊಂಡು ಹೋಗಿ ತೋರಿಸಿದ್ರೀ?" ಅಂದರು.

"ವಕೀಲರು ಕಾಗದ ಎಲ್ಲಾ ನೋಡ್ಯಾರ."

"ಕಾಗದ ಅಲ್ಲೋ, ಮನಿ! ಎತ್ತು ತರೂ ಮುಂದ ಹಲ್ಲು ನೋಡ್ತೀವಿ, ನಾಕು ಹೆಜ್ಜಿ ನಡಿಸಿ ನೋಡ್ತೀವಿ..."

ನನ್ನ ಬಾಯಿ ಕಟ್ಟಿತು. ನಾವು ನೋಡಿದ್ದು ಬಣ್ಣ, ಟೈಲ್ಸು, ಅಡಿಗೆಮನೆಯ ಕಪಾಟು. ಮೊದಲ ಮಳೆಗಾಲಕ್ಕೇ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಒಕ್ಕಲುತನದ ಮನೆಯವರಾದ ನಮಗಿದು ಗೊತ್ತಿರದ್ದೇನಲ್ಲ. ಪಾಯ ಅದಕ್ಕೆ ತಕ್ಕಂತಿದೆಯೇ ಎಂದು ಕೇಳಲಿಲ್ಲ, ಅಷ್ಟೆ. ಅಪ್ಪನ ಪಿಂಚಣಿ ದುಡ್ಡೆಲ್ಲ ಆ ಗೋಡೆಯಲ್ಲಿದೆ.

ಬ್ಯಾಂಕಿನವರು ನೋಡಿದ್ದರಲ್ಲ ಅನ್ನಬಹುದು ನೀವು. ಅವರ ಚಿಂತೆ ಸಾಲದ್ದು, ನಮ್ಮ ಸೂರಿನದ್ದಲ್ಲ. ಬ್ರೋಕರ್ ತೋರಿಸಿದ ಎಂಜಿನಿಯರೂ ಬೇಡ. ವ್ಯಾಪಾರ ಕುದುರಿದರೂ ಮುರಿದರೂ ಅದೇ ಫೀಸು ತಗೊಳ್ಳುವ ಮನುಷ್ಯ ಬೇಕು. ಅಡ್ವಾನ್ಸ್ ಕೊಡುವ ಮೊದಲೇ ಬೇಕು.

ರೇರಾ ಇದೆ, ನಿಜ. 2016ರ ಆ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಪಡಿಸಿಕೊಡಬೇಕು. ಆದರೆ ಸಣ್ಣ ಸೈಟಿನಲ್ಲಿ ಕಟ್ಟಿ ಮಾರುವ ಒಂಟಿ ಮನೆಗೆ, ಎಷ್ಟೋ ಕೈ ಬದಲಾದ ಹಳೇ ಮನೆಗೆ ಆ ಆಸರೆ ಸಿಗುವುದು ಕಷ್ಟ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕಂಬದೊಳಗಿನ ಕಬ್ಬಿಣ ಯಾವ ತಜ್ಞನ ಕಣ್ಣಿಗೂ ಹೊರಗಿಂದ ಕಾಣುವುದಿಲ್ಲ, ಒಪ್ಪುತ್ತೇನೆ. ಆದರೆ ನಕ್ಷೆಯಲ್ಲಿ ಎಷ್ಟು ಮಹಡಿ, ಕಟ್ಟಿದ್ದು ಎಷ್ಟು ಅಂತ ಆತ ಕೇಳುತ್ತಾನೆ. ಟೈಲ್ಸ್ ತಟ್ಟಿ ಪೊಳ್ಳು ಶಬ್ದ ಕೇಳುತ್ತಾನೆ, ಬಚ್ಚಲಿನ ಹಿಂದಿನ ಗೋಡೆಯ ತೇವ ನೋಡುತ್ತಾನೆ, ಅರ್ಥಿಂಗ್ ಪರೀಕ್ಷಿಸುತ್ತಾನೆ. ಕೂದಲೆಳೆಯ ಬಿರುಕು ಯಾವುದು, ಬೆಳೆಯುವ ಬಿರುಕು ಯಾವುದು ಹೇಳುತ್ತಾನೆ.

ತಮ್ಮ ಈಗ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದಿದ್ದಾನೆ, ಬೆಳೆಯುತ್ತದೋ ನೋಡೋಣ ಅಂತ. ಕೊಂಡ ಮೇಲೆ ಹಲ್ಲು ಎಣಿಸಿದ ಹಾಗೆ!

ಸೀರೆ ಕೊಳ್ಳುವಾಗ ಅಂಚು ತಿರುವಿ ನೋಡುತ್ತೇವೆ, ಕಲ್ಲಂಗಡಿಯನ್ನೂ ತಟ್ಟಿ ನೋಡುತ್ತೇವೆ. ಜೀವಮಾನದ ದುಡಿಮೆ ಸುರಿಯುವ ಮನೆಗೇಕೆ ಸಂಕೋಚ? ನೀವೇನಂತೀರಿ?