ಅಣಕು ಸಭೆ, ನಿಜವಾದ ವರದಿ

ನಮ್ಮ ಕಡೆಯವರಿಗೆ ತಾಳಮದ್ದಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಕಣ್ಣು ಮುಚ್ಚದೆ ಬೆಳಗಿನ ವರೆಗೆ ಕೇಳಿದ ಹಿರಿಯರು ಇಂದಿಗೂ ಊರೂರುಗಳಲ್ಲಿ ಇದ್ದಾರೆ. ವೇಷವಿಲ್ಲ, ಕುಣಿತವಿಲ್ಲ. ಚಾವಡಿಯಲ್ಲಿ ಕುಳಿತ ಒಬ್ಬರು ಕೌರವನ ಪಕ್ಷ ಹಿಡಿದು ವಾದಿಸುತ್ತಾರೆ. ಇನ್ನೊಬ್ಬರು ಕೃಷ್ಣನಾಗಿ ಸಂಧಾನಕ್ಕೆ ಬರುತ್ತಾರೆ. ಬೆಳಗಾದ ಮೇಲೆ ಕೌರವನೂ ಕೃಷ್ಣನೂ ಒಂದೇ ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ತನ್ನದಲ್ಲದ ಪಕ್ಷವನ್ನು ತನ್ನದೆಂಬಂತೆ ಸಮರ್ಥಿಸುವ ಈ ವಿದ್ಯೆ ನಮಗೆ ಹೊಸತಲ್ಲ.

ಇಂಥದೇ ಒಂದು ಕೂಟಕ್ಕೆ ಇಂದು ನಮ್ಮ ಮಕ್ಕಳು ಕೋಟು, ಟೈ ಧರಿಸಿ ಹೋಗುತ್ತಿದ್ದಾರೆ. ಅದರ ಹೆಸರು ಮಾಡೆಲ್ ಯುನೈಟೆಡ್ ನೇಶನ್ಸ್. ಮಕ್ಕಳ ಬಾಯಲ್ಲಿ ಚುಟುಕಾಗಿ 'ಮನ್'. ನಾವು ಅಣಕು ವಿಶ್ವಸಂಸ್ಥೆ ಎನ್ನೋಣ. 1920ರ ದಶಕದಲ್ಲಿ, ವಿಶ್ವಸಂಸ್ಥೆಯೇ ಹುಟ್ಟುವ ಮೊದಲು, ಅಮೆರಿಕದ ಕಾಲೇಜುಗಳಲ್ಲಿ ಲೀಗ್ ಆಫ್ ನೇಶನ್ಸಿನ ಅಣಕು ಸಭೆಗಳು ನಡೆಯುತ್ತಿದ್ದವು. 1945ರಲ್ಲಿ ವಿಶ್ವಸಂಸ್ಥೆ ಸ್ಥಾಪನೆಯಾದ ಮೇಲೆ ಅವು ಹೊಸ ಹೆಸರು ಪಡೆದವು. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ 1968ರಿಂದ ಶಾಲಾ ಮಕ್ಕಳಿಗಾಗಿಯೇ ಇಂಥ ದೊಡ್ಡ ಸಮ್ಮೇಳನ ನಡೆದುಬಂದಿದೆ. ಈ ಶತಮಾನದಲ್ಲಿ ಅದು ನಮ್ಮ ದೇಶದ ಶಾಲೆ ಕಾಲೇಜುಗಳಿಗೂ ಹಬ್ಬಿದೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ದೇಶ. ಆ ದೇಶದ ನಿಲುವನ್ನು ಓದಿಕೊಂಡು ಬಂದು ಭಾಷಣ ಮಾಡಬೇಕು, ಇತರರೊಡನೆ ಮಾತಾಡಿ ಬೆಂಬಲ ಗಳಿಸಬೇಕು, ನಿರ್ಣಯದ ಕರಡು ಬರೆಯಬೇಕು, ಕೊನೆಗೆ ಮತ ಹಾಕಬೇಕು.

ತಾಳಮದ್ದಳೆಯಲ್ಲಿ ಇಲ್ಲದ ಒಂದು ಪಾತ್ರ ಇಲ್ಲಿ ಇದೆ. ಅದು ಪತ್ರಿಕೆಯವರದು. 'ಇಂಟರ್‌ನ್ಯಾಷನಲ್ ಪ್ರೆಸ್' ಎಂಬ ಹೆಸರಿನಲ್ಲಿ ಕೆಲವು ಮಕ್ಕಳು ವರದಿಗಾರರಾಗುತ್ತಾರೆ, ಕೆಲವರು ಛಾಯಾಗ್ರಾಹಕರು, ಒಬ್ಬರು ಸಂಪಾದಕರು. ಒಂದೊಂದು ಸಮಿತಿಗೆ ಒಬ್ಬೊಬ್ಬ ವರದಿಗಾರ. ಸಂಜೆಯೊಳಗೆ ಸುದ್ದಿ ಬರೆದು ಒಪ್ಪಿಸಬೇಕು. ನಡುವೆ ಪತ್ರಿಕಾಗೋಷ್ಠಿ ನಡೆಸಿ 'ರಾಯಭಾರಿ'ಗಳನ್ನು ಪ್ರಶ್ನಿಸುವ ಹಕ್ಕೂ ಉಂಟು. ಈ ಲೇಖನ ಬರೆಯಲು ಕಾರಣವಾದದ್ದು ಮೂಲೆಯಲ್ಲಿ ಕುಳಿತುಕೊಳ್ಳುವ ಈ ಮಕ್ಕಳ ಪಾಡು.

ಒಂದು ಪುಸ್ತಕದ ಕಥೆ

ನಮ್ಮ ನೆರೆಮನೆಯ ಹುಡುಗಿ, ಪ್ಲಸ್ ವನ್ ಓದುತ್ತಿದ್ದವಳು, ಕಳೆದ ವರ್ಷ ದೂರದ ಪಟ್ಟಣದ ಒಂದು ಶಾಲೆಯಲ್ಲಿ ನಡೆದ ಇಂಥ ಸಮ್ಮೇಳನಕ್ಕೆ ಹೋಗಿದ್ದಳು. ಅವಳಿಗೆ ದೇಶ ಸಿಗಲಿಲ್ಲ, ಪ್ರೆಸ್ ಸಿಕ್ಕಿತು. ತಂದೆಗೆ ಅಸಮಾಧಾನ. "ಅಷ್ಟು ಹಣ ಕಟ್ಟಿ ಹೋಗಿ, ಬೇರೆಯವರು ಮಾತಾಡಿದ್ದನ್ನು ನೀನು ಬರೆದುಕೊಳ್ಳುವುದಾ?" ಎಂದರಂತೆ.

ಹಿಂದಿರುಗಿದ ಮೇಲೆ ಅವಳು ಟಿಪ್ಪಣಿ ಪುಸ್ತಕ ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಅವಳ ಸಮಿತಿಯಲ್ಲಿ ನಿರಾಶ್ರಿತರ ವಿಷಯ. ಒಂದು ದೇಶದ ಪ್ರತಿನಿಧಿಯಾಗಿದ್ದ ಹುಡುಗ ಬೆಳಗ್ಗೆ ಎದ್ದು ನಿಂತು, ಪ್ರತಿಯೊಂದು ರಾಷ್ಟ್ರವೂ ಇಂತಿಷ್ಟು ನಿರಾಶ್ರಿತರಿಗೆ ಆಶ್ರಯ ಕೊಡಬೇಕೆಂದು ಚಪ್ಪಾಳೆ ಗಿಟ್ಟಿಸಿದ. ಮಧ್ಯಾಹ್ನ ಎಲ್ಲರೂ ಕುರ್ಚಿ ಬಿಟ್ಟೆದ್ದು ಗುಂಪು ಗುಂಪಾಗಿ ಮಾತಾಡುವ ಹೊತ್ತಿನಲ್ಲಿ, ಇನ್ನೊಂದು ಗುಂಪಿನ ಬೆಂಬಲಕ್ಕಾಗಿ ಅದೇ ಕಲಮನ್ನು ಅವನೇ ಕರಡಿನಿಂದ ಹೊಡೆದುಹಾಕಿದ. ಅದನ್ನು ಮರಳಿ ಸೇರಿಸಬೇಕೆಂದು ಯಾರೋ ತಿದ್ದುಪಡಿ ತಂದಾಗ ಪರವಾಗಿ ಕೈಯೆತ್ತಲೂ ಇಲ್ಲ. ನಮ್ಮ ಹುಡುಗಿ ಇದನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಅವಳ ಜತೆಗಿದ್ದ ಹುಡುಗ, ಕರಡಿನ ಮೇಲೆ ಪೆನ್ನು ಓಡುತ್ತಿರುವ ಚಿತ್ರವನ್ನೂ ತೆಗೆದಿದ್ದ.

ಮರುದಿನದ ಸಮ್ಮೇಳನ ಪತ್ರಿಕೆಯಲ್ಲಿ ಆ ವರದಿ ಇರಲಿಲ್ಲ. ಅದರ ಜಾಗದಲ್ಲಿ ಅತಿಥಿಗಳು ದೀಪ ಬೆಳಗಿಸುವ ಫೋಟೋ ಇತ್ತು. "ಯಾಕೆ ಸುಮ್ಮನೆ ಒಂದು ಮಗುವಿಗೆ ಬೇಸರ ಮಾಡುವುದು? ಒಳ್ಳೆಯದನ್ನು ಬರೆ" ಎಂದು ಸಂಘಟಕರಲ್ಲಿ ಹಿರಿಯರಾದವರು ಹೇಳಿದರಂತೆ.

"ಮಾಷ್ಟ್ರಜ್ಜ, ನಾನು ಬರೆದದ್ದರಲ್ಲಿ ತಪ್ಪೇನುಂಟು?" ಎಂದು ಅವಳು ಕೇಳಿದಳು.

ಎರಡು ಸಲ ಓದಿದೆ. ಒಂದು ತಪ್ಪು ಇತ್ತು. ಸಂಘಟಕರು ಅದನ್ನು ಗಮನಿಸಿಯೇ ಇರಲಿಲ್ಲ. ಆ ದೇಶ ತಿದ್ದುಪಡಿಯನ್ನು 'ವಿರೋಧಿಸಿತು' ಎಂದು ಅವಳು ಬರೆದಿದ್ದಳು. ಆದರೆ ಅವಳದೇ ಟಿಪ್ಪಣಿಯ ಮತಗಳ ಪಟ್ಟಿಯಲ್ಲಿ ಆ ದೇಶ 'ತಟಸ್ಥ'. ಹಾಜರಿ ಕರೆಯುವಾಗ ಬರಿದೆ 'ಹಾಜರು' ಎಂದವರು ತಟಸ್ಥರಾಗಿ ಉಳಿಯಬಹುದು, 'ಹಾಜರಿದ್ದು ಮತ ಹಾಕುತ್ತೇನೆ' ಎಂದವರಿಗೆ ಆ ಅವಕಾಶ ಇಲ್ಲ ಎಂಬುದು ಈ ಸಭೆಗಳ ನಿಯಮ. ಹಾಜರಿಯಲ್ಲಿ ಅವನು ಏನೆಂದಿದ್ದನೆಂಬುದೂ ಅವಳ ಪುಸ್ತಕದಲ್ಲಿತ್ತು. ಬರೆಯುವ ಸಿಟ್ಟಿನಲ್ಲಿ ಅದನ್ನು ನೋಡಲು ಮರೆತಿದ್ದಳು.

ಒಂದು ಕ್ರಿಯಾಪದದ ಬೆಲೆ

"ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏನಜ್ಜ?" ಎಂದಳು. ನಾನು ಅವಳಿಗೆ ನಮ್ಮ ಜಿಲ್ಲೆಯವರದೇ ಒಂದು ಸಂಗತಿ ಹೇಳಿದೆ. ನಮ್ಮ ಜಿಲ್ಲೆ ಎಂದರೆ, 1956ರ ವರೆಗೆ ಕಾಸರಗೋಡೂ ಮಂಗಳೂರೂ ಒಂದೇ ಆಗಿದ್ದ ದಕ್ಷಿಣ ಕನ್ನಡ ಜಿಲ್ಲೆ.

1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು. ಬಳಿಕ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಅವರೇ. ಜೂನ್ 25ರ ಮೊದಲ ನಿರ್ಣಯಕ್ಕೆ ಭಾರತ ಪರವಾಗಿ ಮತ ಹಾಕಿತು. ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ ಎರಡನೆಯ ನಿರ್ಣಯ ಜೂನ್ 27ರಂದು ಬಂದಾಗ ದೆಹಲಿಯಿಂದ ಅವರಿಗೆ ಸೂಚನೆ ತಲಪಿರಲಿಲ್ಲ. 11 ಸದಸ್ಯರ ಮಂಡಳಿಯಲ್ಲಿ 7 ಮಂದಿ ಪರ, ಯುಗೊಸ್ಲಾವಿಯಾ ವಿರೋಧ, ಸೋವಿಯತ್ ಒಕ್ಕೂಟ ಗೈರುಹಾಜರಿ. ಭಾರತ ಮತ್ತು ಈಜಿಪ್ತ್ ಹಾಜರಿದ್ದರೂ ಮತದಾನದಲ್ಲಿ ಭಾಗವಹಿಸಲಿಲ್ಲ. ಅನಂತರ ಭಾರತ ಸರಕಾರ ಆ ನಿರ್ಣಯವನ್ನು ಒಪ್ಪಿಕೊಂಡಿತು.

ಆ ದಿನ ಯಾವನಾದರೂ ವರದಿಗಾರ 'ಭಾರತ ವಿರೋಧಿಸಿತು' ಎಂದು ತಂತಿ ಕಳುಹಿಸಿದ್ದರೆ ಏನಾಗುತ್ತಿತ್ತು? ವಿರೋಧ, ತಟಸ್ಥ, ಭಾಗವಹಿಸದಿರುವುದು, ಗೈರುಹಾಜರಿ - ಈ ನಾಲ್ಕೂ ಬೇರೆ ಬೇರೆ. ರಾಜತಾಂತ್ರಿಕತೆ ಇರುವುದೇ ಈ ಅಂತರಗಳಲ್ಲಿ. ಅದನ್ನು ಜನರಿಗೆ ಕೆಡದಂತೆ ತಲಪಿಸುವುದು ಪತ್ರಿಕೆಯವನ ಕೆಲಸ. ನರಸಿಂಗ ರಾಯರ ತಮ್ಮ ಬೆನಗಲ್ ಶಿವರಾಯರು ಇಂಥ ಪತ್ರಿಕೆಯವರೇ. 'ಹಿಂದೂ' ಮತ್ತು 'ಮ್ಯಾಂಚೆಸ್ಟರ್ ಗಾರ್ಡಿಯನ್' ಪತ್ರಿಕೆಗಳಿಗೆ ದೆಹಲಿಯಿಂದ ಬರೆಯುತ್ತಿದ್ದವರು, 1952ರಲ್ಲಿ ನಮ್ಮ ದಕ್ಷಿಣ ಕನ್ನಡದಿಂದಲೇ ಮೊದಲ ಲೋಕಸಭೆಗೆ ಆರಿಸಿ ಹೋದವರು. ಒಂದೇ ಮನೆಯಲ್ಲಿ ಒಬ್ಬರು ರಾಯಭಾರಿ, ಒಬ್ಬರು ಪತ್ರಕರ್ತರು. ಇಬ್ಬರಲ್ಲಿ ಯಾರನ್ನು ಕಡಿಮೆ ಎನ್ನೋಣ?

ಹುಡುಗಿ ಅಲ್ಲಿಯೇ ಕುಳಿತು 'ವಿರೋಧಿಸಿತು' ಎಂಬುದನ್ನು ಹೊಡೆದು 'ತಟಸ್ಥವಾಗಿ ಉಳಿಯಿತು' ಎಂದು ತಿದ್ದಿದಳು. ವರದಿ ಮೊದಲಿಗಿಂತ ಮೊನಚಾಯಿತೇ ಹೊರತು ಮೊಂಡಾಗಲಿಲ್ಲ.

ಕ್ಯಾಮರಾ ಹಿಡಿದವರ ಹೊಣೆ

ಛಾಯಾಚಿತ್ರಕ್ಕೂ ಇದೇ ಮಾತು. 1960ರ ಅಕ್ಟೋಬರಿನಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಮಹಾಸಭೆಯಲ್ಲಿ ಬೂಟು ಕಳಚಿ ಮೇಜಿಗೆ ಬಡಿದರೆಂಬ ಕಥೆ ಯಾರಿಗೆ ಗೊತ್ತಿಲ್ಲ? ಬೂಟು ಮೇಜಿನ ಮೇಲೆ ಇರುವ ನಿಜವಾದ ಚಿತ್ರ ಇದೆ. ಆದರೆ ಅದನ್ನು ಬಡಿಯುತ್ತಿರುವ ಚಿತ್ರ ಈವರೆಗೆ ಸಿಕ್ಕಿಲ್ಲ. ಕೈಯಲ್ಲಿ ಬೂಟು ಎತ್ತಿ ಹಿಡಿದಂತೆ ಲೋಕವೆಲ್ಲ ಸುತ್ತಿದ ಚಿತ್ರ, ಬೇರೊಂದು ಭಾಷಣದ ಫೋಟೋಕ್ಕೆ ಬೂಟನ್ನು ಸೇರಿಸಿ ಮಾಡಿದ್ದು. ಬಡಿದರೋ ಇಲ್ಲವೋ ಎಂಬ ಬಗ್ಗೆ ಅಂದು ಅಲ್ಲಿದ್ದವರಲ್ಲೇ ಒಮ್ಮತ ಇಲ್ಲ. ಅಂದು ಕತ್ತಲ ಕೋಣೆಯಲ್ಲಿ ಗಂಟೆಗಟ್ಟಲೆ ಶ್ರಮಪಟ್ಟು ಮಾಡಬೇಕಾಗಿದ್ದ ಮೋಸವನ್ನು ಇಂದು ಕೃತಕ ಬುದ್ಧಿಮತ್ತೆಯ ನೆರವಿನಿಂದ ಒಂದು ಮೊಬೈಲ್ ಫೋನಿನಲ್ಲಿ ಕ್ಷಣಾರ್ಧದಲ್ಲಿ ಮಾಡಬಹುದು. ಹಾಗಿರುವಾಗ ಹದಿನಾರರ ಹರೆಯದಲ್ಲಿ, ಅಣಕು ಸಭೆಯಲ್ಲಿ, 'ಕಂಡದ್ದನ್ನು ಮಾತ್ರ ತೆಗೆಯುತ್ತೇನೆ, ತೆಗೆದದ್ದನ್ನು ತಿರುಚುವುದಿಲ್ಲ' ಎಂಬ ನಿಯಮ ಕಲಿತವನು ಮುಂದೆ ಸಮಾಜಕ್ಕೆ ಎಷ್ಟು ಬೇಕಾದವನು!

ಕಲಿಯಲು ಅಲ್ಲಿ ಬೇಕಾದಷ್ಟಿದೆ. ಸಭಾಂಗಣದ ಮಂದ ಬೆಳಕಿನಲ್ಲಿ ಮಾತಾಡುವವನ ಕಣ್ಣಿಗೆ ಫ್ಲಾಶ್ ಹೊಡೆಯದೆ ಚಿತ್ರ ತೆಗೆಯಬೇಕು. ಕೈ ಬೀಸಿ ಮಾತಾಡುವವನ ಕೈ ಮಸುಕಾಗಬಾರದು. ಮುಂದಿನ ಫಲಕದಲ್ಲಿ ದೇಶದ ಹೆಸರು ಕಾಣಬೇಕು. ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ ಎಂಬುದನ್ನು ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಹೇಳಬೇಕು. ಇದನ್ನೆಲ್ಲ ಬಿಟ್ಟು, ಅತಿಥಿಗಳ ಹಿಂದೆ ಓಡುವುದು ಮತ್ತು ಗೆಳೆಯರ ಚಂದದ ಚಿತ್ರ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುವುದು ಇಷ್ಟೇ ಕೆಲಸವಾದರೆ, ಅದಕ್ಕೆ ಮದುವೆಯ ಫೋಟೋಗ್ರಾಫರರನ್ನು ಕರೆದರೆ ಸಾಕಲ್ಲವೇ? ಮಕ್ಕಳ ಚಿತ್ರಗಳನ್ನು ಲೋಕಕ್ಕೆ ಹಂಚುವ ಮೊದಲು ಹೆತ್ತವರ ಒಪ್ಪಿಗೆ ಕೇಳುವ ಮರ್ಯಾದೆಯೂ ಈ ಪಾಠದಲ್ಲಿ ಸೇರಬೇಕು.

ಎರಡು ಆಕ್ಷೇಪಗಳು

'ಇದು ಆಟ. ಆಟದಲ್ಲಿ ಮಕ್ಕಳ ಮನಸ್ಸು ನೋಯಿಸುವುದೇಕೆ?' ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಅದಕ್ಕೆ ಉಪಾಯವೂ ಇದೆ. ವರದಿಯಲ್ಲಿ ಹುಡುಗನ ಹೆಸರು ಬೇಡ, ದೇಶದ ಹೆಸರು ಸಾಕು. ತಾಳಮದ್ದಳೆಯಲ್ಲಿ ಕೌರವನ ವಾದ ಸೋತಿತೆಂದರೆ ಅರ್ಥಧಾರಿಗೆ ಅವಮಾನವಿಲ್ಲ. ವರದಿ ಓದಿ ಆ ಹುಡುಗ, ಹೌದಲ್ಲ, ಬೆಳಗ್ಗೆ ಹೇಳಿದ್ದೊಂದು, ಮಧ್ಯಾಹ್ನ ಮಾಡಿದ್ದೊಂದು ಎಂದು ಯೋಚಿಸಿದರೆ, ಭಾಷಣದ ಬಹುಮಾನಕ್ಕಿಂತ ದೊಡ್ಡ ಲಾಭ ಅವನಿಗೇ.

ಇನ್ನೊಂದು ಆಕ್ಷೇಪ ಇದಕ್ಕೆ ತದ್ವಿರುದ್ಧ. ಕೆಲವು ಸಮ್ಮೇಳನಗಳಲ್ಲಿ ವರದಿಗಾರ ಮಕ್ಕಳಿಗೆ ಒಂದೊಂದು ಸುದ್ದಿಸಂಸ್ಥೆಯ ಪಾತ್ರ ಕೊಡುತ್ತಾರೆ. ಒಬ್ಬ ರಾಯ್ಟರ್ಸ್, ಒಬ್ಬ ಅಲ್ ಜಝೀರಾ, ಒಬ್ಬ ಚೀನದ ಶಿನ್‌ಹುವಾ. ಆಯಾ ಸಂಸ್ಥೆಯ ಧಾಟಿಯಲ್ಲೇ ಬರೆಯಬೇಕಂತೆ. ಒಂದೇ ಘಟನೆ ಹೇಗೆ ಹತ್ತು ಬಣ್ಣ ಪಡೆಯುತ್ತದೆಂದು ತಿಳಿಯಲು ಇದು ಒಳ್ಳೆಯ ಅಭ್ಯಾಸ. ಆದರೆ ಬಣ್ಣ ಬಳಿಯಲು ಕಲಿಸುವ ಮೊದಲು ಗೋಡೆ ಕಟ್ಟಲು ಕಲಿಸಬೇಡವೇ? ನಡೆದದ್ದೇನು, ಎಷ್ಟು ಮತ, ಯಾರು ಏನೆಂದರು ಎಂಬುದು ಹತ್ತೂ ವರದಿಗಳಲ್ಲಿ ಒಂದೇ ಆಗಿರಲಿ. ಅಭಿಪ್ರಾಯ ಅನಂತರ ಬರಲಿ, ಬೇರೆಯಾಗಿ ಬರಲಿ.

ನ್ಯೂಯಾರ್ಕಿನ ನಿಜವಾದ ವಿಶ್ವಸಂಸ್ಥೆಯಲ್ಲೂ ವರದಿಗಾರರ ಕೆಲಸ ಸುಲಭದ್ದಲ್ಲ. ಭದ್ರತಾ ಮಂಡಳಿ ಬಾಗಿಲು ಮುಚ್ಚಿ ಸಮಾಲೋಚನೆ ನಡೆಸುವಾಗ ಅವರಿಗೆ ಒಳಗೆ ಪ್ರವೇಶವಿಲ್ಲ. ಹೊರಗೆ ಮೈಕಿನ ಬಳಿ ಕಾದು ನಿಂತು, ಬರುವ ರಾಯಭಾರಿಗಳನ್ನು ಪ್ರಶ್ನಿಸಬೇಕು. 1948ರಿಂದ ಅಲ್ಲಿ ವರದಿಗಾರರ ಸಂಘವೇ ಇದೆ. ಅಲ್ಲಿ ಯಾರೂ ಅವರನ್ನು 'ಒಳ್ಳೆಯದನ್ನೇ ಬರೆಯಿರಿ' ಎಂದು ಬಾಯಿ ಮುಚ್ಚಿಸುವಂತಿಲ್ಲ. ಅಸಲಿನಲ್ಲಿ ಇರುವ ಹಕ್ಕು ಅಣಕಿನಲ್ಲಿ ಇಲ್ಲವೆಂದರೆ ಮಕ್ಕಳು ಕಲಿತದ್ದಾದರೂ ಏನು?

ಮನೆಯ ಭಾಷೆಯಲ್ಲಿ ಒಂದು ಪುಟ

ಕೊನೆಯದಾಗಿ ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಮಾತು. ಈ ಸಮ್ಮೇಳನಗಳೆಲ್ಲ ಇಂಗ್ಲಿಷಿನಲ್ಲಿ. ಅದಕ್ಕೆ ನನ್ನ ತಕರಾರಿಲ್ಲ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಆದರೆ ಅನುವಾದದ ಏರ್ಪಾಡನ್ನು ತಾನೇ ಮಾಡಿಕೊಂಡರೆ ಬೇರೆ ಯಾವ ಭಾಷೆಯಲ್ಲಾದರೂ ಮಾತಾಡಬಹುದೆಂದು ಮಹಾಸಭೆಯ ನಿಯಮಾವಳಿಯಲ್ಲೇ ಇದೆ. 1977ರಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಅಲ್ಲಿ ಹಿಂದಿಯಲ್ಲಿ ಮಾತಾಡಿದರು.

ನಮ್ಮ ಮಕ್ಕಳಿಂದ ಅಷ್ಟನ್ನು ಕೇಳುವುದು ಬೇಡ. ಸಮ್ಮೇಳನದಿಂದ ಬಂದ ಮೇಲೆ ಅದೇ ವರದಿಯನ್ನು ಕನ್ನಡದಲ್ಲಿ ಒಂದು ಪುಟ ಬರೆಯಲಿ. ಶಾಲೆಯ ಗೋಡೆ ಪತ್ರಿಕೆಗೋ ಕೈಬರಹದ ಪತ್ರಿಕೆಗೋ ಕೊಡಲಿ. ನಿರ್ಣಯ, ಕಲಮು, ತಿದ್ದುಪಡಿ, ತಟಸ್ಥ - ಬೇಕಾದ ಪದಗಳೆಲ್ಲ ದಿನವೂ ನೀವು ಓದುವ ಪತ್ರಿಕೆಯಲ್ಲೇ ಇವೆ. ಸುಡಾನಿನ ನಿರಾಶ್ರಿತರ ಗೋಳನ್ನು ಮನೆಯ ಅಜ್ಜಿಗೆ ಅರ್ಥವಾಗುವಂತೆ ಹೇಳಲು ಬಂದರೆ ಮಗುವಿಗೆ ವಿಷಯ ತಿಳಿದಿದೆ ಎಂದರ್ಥ. ಬಾರದಿದ್ದರೆ ಇಂಗ್ಲಿಷಿನಲ್ಲಿ ಬರೆದದ್ದೂ ಬರಿಯ ಕಂಠಪಾಠವೇ ಇರಬಹುದು.

ಸಮ್ಮೇಳನ ನಡೆಸುವ ಶಾಲೆಗಳಲ್ಲಿ ನನ್ನ ವಿನಂತಿ ಇಷ್ಟೇ. ಪತ್ರಿಕೆಯ ಕೊನೆಯ ಮಾತು ವಿದ್ಯಾರ್ಥಿ ಸಂಪಾದಕನದಾಗಿರಲಿ. ಜತೆಗಿರುವ ಅಧ್ಯಾಪಕರು ಹೊಗಳಿಕೆ ತೆಗಳಿಕೆಗಳನ್ನು ಅಳೆಯುವುದು ಬೇಡ, ತಪ್ಪು ಒಪ್ಪುಗಳನ್ನು ನೋಡಲಿ. ತಪ್ಪಿದ್ದರೆ ಮರುದಿನದ ಸಂಚಿಕೆಯಲ್ಲಿ ತಿದ್ದುಪಡಿ ಅಚ್ಚಾಗಲಿ.

ಹೆತ್ತವರೇ, ನಿಮ್ಮ ಮಗಳು ಬಂದು "ನನಗೆ ದೇಶ ಸಿಗಲಿಲ್ಲ, ಪ್ರೆಸ್ ಸಿಕ್ಕಿತು" ಎಂದರೆ ಮುಖ ಸಣ್ಣ ಮಾಡಬೇಡಿ. ಒಂದು ಹೊಸ ಪುಸ್ತಕ, ಎರಡು ಪೆನ್ನು ಕೊಟ್ಟು ಕಳುಹಿಸಿ. ನೆರೆಮನೆಯ ಹುಡುಗಿ ಈ ವರ್ಷವೂ ಹೊರಟಿದ್ದಾಳೆ. ದೇಶ ಬೇಕೇ, ಪ್ರೆಸ್ ಬೇಕೇ ಎಂದು ಕೇಳುವ ಅರ್ಜಿಯಲ್ಲಿ ಈ ಸಲ ಅವಳೇ ಪ್ರೆಸ್ ಎಂದು ಬರೆದಿದ್ದಾಳೆ. ತಂದೆ ಅದಕ್ಕೆ ಸಹಿ ಹಾಕಿದ್ದಾರೆ.