ದಂಡ ಕಂಪನಿಗೆ, ಇನ್ಸೆಂಟಿವ್ ಮ್ಯಾನೇಜರಿಗೆ

ಬೆಂಗಳೂರಿನ ವಿಜಯನಗರದಲ್ಲೋ ಮಾಗಡಿ ರಸ್ತೆಯಲ್ಲೋ ವೈನ್ ಸ್ಟೋರ್ ಮುಂದೆ ನಿಂತು ಬಿಯರ್ ಬಾಟಲಿಯ ಎಂಆರ್‌ಪಿ ನೋಡುವವರು ಮೊದಲು ಬೈಯುವುದು ಸರ್ಕಾರದ ತೆರಿಗೆಯನ್ನು. ತೆರಿಗೆಯ ಭಾರ ಸುಳ್ಳಲ್ಲ. ಆದರೆ 2009ರಿಂದ 2018ರ ಅಕ್ಟೋಬರ್‌ವರೆಗೆ ಆ ಬೆಲೆಯ ಹಿಂದೆ ಇನ್ನೊಂದು ಲೆಕ್ಕಾಚಾರವೂ ನಡೆದಿತ್ತು.

ಭಾರತೀಯ ಸ್ಪರ್ಧಾ ಆಯೋಗ 2021ರ ಸೆಪ್ಟೆಂಬರ್ 24ರಂದು ಕೊಟ್ಟ ಆದೇಶ ಅದನ್ನು ಬಿಚ್ಚಿಟ್ಟಿತು. ಯುಬಿ ಸಿಟಿಯಲ್ಲಿ ಕಚೇರಿಯಿರುವ ಯುನೈಟೆಡ್ ಬ್ರೂವರೀಸ್, ಮುಂದೆ ಎಬಿ ಇನ್‌ಬೆವ್ ಪಾಲಾದ ಸ್ಯಾಬ್‌ಮಿಲ್ಲರ್ ಇಂಡಿಯಾ ಮತ್ತು ಕಾರ್ಲ್ಸ್‌ಬರ್ಗ್ ಇಂಡಿಯಾ ಒಳಗೊಳಗೇ ಮಾತಾಡಿಕೊಂಡು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಬೆಲೆ ಹೊಂದಿಸಿಕೊಂಡಿದ್ದವು. ಬೆಂಗಳೂರಿನ ಪ್ರೀಮಿಯಂ ಸಂಸ್ಥೆಗಳಿಗೆ ಬಿಯರ್ ಪೂರೈಸುವುದರಲ್ಲೂ ಕಂಪನಿಗಳ ನಡುವೆ ಒಳಒಪ್ಪಂದವಿತ್ತು. ಬೆಲೆಗೆ ಒಪ್ಪಿಗೆ ಕೊಡುವುದು ರಾಜ್ಯ ಸರ್ಕಾರವೇ ಆದರೂ ಬೆಲೆಯ ಪ್ರಸ್ತಾವ ಹೋಗುವುದು ಕಂಪನಿಗಳಿಂದ. ಕೂಡಿ ಮಾತಾಡಿದ್ದು ಆ ಪ್ರಸ್ತಾವದ ಬಗ್ಗೆ.

ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 121 ಕೋಟಿ ರೂಪಾಯಿ ದಂಡ ಬಿತ್ತು. ಆಯೋಗದ ಮುಂದೆ ಮೊದಲು ಬಾಯಿಬಿಟ್ಟ ಎಬಿ ಇನ್‌ಬೆವ್‌ಗೂ ಅದರ ಅಧಿಕಾರಿಗಳಿಗೂ ಪೂರ್ತಿ ಮಾಫಿ. ಮೇಲ್ಮನವಿ ನ್ಯಾಯಮಂಡಳಿ 2022ರ ಡಿಸೆಂಬರ್‌ನಲ್ಲಿ ಆದೇಶವನ್ನು ಎತ್ತಿಹಿಡಿದ ಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಪತ್ರಿಕೆಗಳ ತಲೆಬರಹದಲ್ಲಿ ಮೆರೆದದ್ದು ಈ ಕೋಟಿಗಳೇ. ಅದೇ ಆದೇಶದಲ್ಲಿ 11 ವ್ಯಕ್ತಿಗಳಿಗೂ ದಂಡ ಬಿದ್ದಿತ್ತು ಎಂಬುದು ಅಷ್ಟಾಗಿ ಗಮನ ಸೆಳೆಯಲಿಲ್ಲ. ಹೆಚ್ಚು ಚರ್ಚೆಯಾಗಬೇಕಿದ್ದುದು ಅದು.

ಕಂಪನಿ ಫೋನ್ ಎತ್ತಿ ಮಾತಾಡುವುದಿಲ್ಲ, ಇ-ಮೇಲ್ ಬರೆಯುವುದಿಲ್ಲ. ಸೇಲ್ಸ್ ಟಾರ್ಗೆಟ್ ಹೊತ್ತ ಒಬ್ಬ ಮನುಷ್ಯ ಎದುರಾಳಿ ಕಂಪನಿಯ ಇನ್ನೊಬ್ಬನಿಗೆ ಬರೆಯುತ್ತಾನೆ. ಅಪ್ರೈಸಲ್‌ನಲ್ಲಿ ಅವನನ್ನು ಅಳೆಯುವುದು ಲಾಭದಿಂದ. ಆ ಲಾಭ ಪೈಪೋಟಿಯಿಂದ ಬಂತೋ ಒಳಒಪ್ಪಂದದಿಂದ ಬಂತೋ ಎಂದು ಯಾರೂ ಕೇಳುವುದಿಲ್ಲ. ಇನ್ಸೆಂಟಿವ್ ವರ್ಷದ ಕೊನೆಗೆ ಕೈಸೇರುತ್ತದೆ. ತನಿಖೆ, ಆದೇಶ, ಮೇಲ್ಮನವಿ ಮುಗಿಯುವುದಕ್ಕೆ ಹತ್ತು ವರ್ಷವೂ ಹಿಡಿಯಬಹುದು, ಅಷ್ಟರಲ್ಲಿ ಆತ ಬೇರೆ ಕಂಪನಿಯಲ್ಲಿ ದೊಡ್ಡ ಕುರ್ಚಿಯಲ್ಲಿರಬಹುದು. ದಂಡದ ಹೊರೆ ಷೇರುದಾರರ ತಲೆಗೆ. ಇಂಥ ವ್ಯವಸ್ಥೆಯಲ್ಲಿ ತಪ್ಪು ಮಾಡದೆ ಉಳಿಯುವ ಮ್ಯಾನೇಜರೇ ನಷ್ಟ ಅನುಭವಿಸುತ್ತಾನೆ, ಅದು ಅನ್ಯಾಯ.

ಸ್ಪರ್ಧಾ ಕಾಯ್ದೆಯ 48ನೇ ಸೆಕ್ಷನ್ ಹೊಣೆಗಾರ ಅಧಿಕಾರಿಯನ್ನು ಹಿಡಿಯುತ್ತದೆ, ನಿಜ. 2023ರ ತಿದ್ದುಪಡಿ ಅವನ ದಂಡವನ್ನು ಆದಾಯದ ಶೇ 10ರ ಲೆಕ್ಕಕ್ಕೆ ಕಟ್ಟಿತು. ಅಂದರೆ ವರ್ಷಕ್ಕೆ ಕೋಟಿ ಗಳಿಸುವವನ ಒಂದು ವರ್ಷದ ತಪ್ಪಿಗೆ ಹೆಚ್ಚೆಂದರೆ ಹತ್ತು ಲಕ್ಷ. ಹೀಗೆ ಒಳಒಪ್ಪಂದದ ಕೂಟ, ಅಂದರೆ ಕಾರ್ಟೆಲ್, ಕಟ್ಟಿದ್ದಕ್ಕೆ ಈ ಕಾಯ್ದೆಯಲ್ಲಿ ಜೈಲಿಲ್ಲ. ಅಮೆರಿಕದಲ್ಲಿ ಇದೇ ತಪ್ಪಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅಲ್ಲಿ ಪಶು ಆಹಾರಕ್ಕೆ ಬೆರೆಸುವ ಲೈಸಿನ್‌ನ ಬೆಲೆ ಕಾರ್ಟೆಲ್ ಪ್ರಕರಣದಲ್ಲಿ ಆರ್ಚರ್ ಡೇನಿಯಲ್ಸ್ ಮಿಡ್ಲ್ಯಾಂಡ್ ಕಂಪನಿಯ ಹಿರಿಯ ಅಧಿಕಾರಿಗಳು ಜೈಲು ಕಂಡರು. ಬ್ರಿಟನ್‌ನಲ್ಲಿ ನಿರ್ದೇಶಕನನ್ನು 15 ವರ್ಷದವರೆಗೆ ಆ ಹುದ್ದೆಯಿಂದ ದೂರವಿಡಬಹುದು.

ಇಲ್ಲಿ ಜೈಲೇ ಬೇಕೆಂದಿಲ್ಲ. ಕಾರ್ಟೆಲ್ ನಡೆದ ವರ್ಷಗಳ ಇನ್ಸೆಂಟಿವ್ ವಾಪಸ್ ಪಡೆಯಬೇಕು, ಅಧಿಕಾರಿಯ ದಂಡವನ್ನು ಕಂಪನಿ ತುಂಬಿಕೊಡುವುದನ್ನು ನಿಷೇಧಿಸಬೇಕು, ತಪ್ಪಿತಸ್ಥರಿಗೆ ಕೆಲವು ವರ್ಷ ನಿರ್ದೇಶಕ ಸ್ಥಾನ ಸಿಗಬಾರದು. ಬಿಯರ್ ಕಂಪನಿಗಳ ತವರಾದ ಬೆಂಗಳೂರಿನ ಸಂಸದರು ಲೋಕಸಭೆಯಲ್ಲಿ ಈ ತಿದ್ದುಪಡಿಗಳನ್ನು ಕೇಳಲಿ.