ಉಮ್ಮನ ವೋಟು ಉಮ್ಮನದ್ದೇ ಆಗಲಿ



ನಮ್ಮ ಉಪ್ಪನದ್ದು ಮಂಜೇಶ್ವರ ಕಡೆ ಒಂದು ಸಣ್ಣ ದಿನಸಿ ಅಂಗಡಿ. ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರೂ ಅಂಗಡಿಗೆ ಬರುತ್ತಾರೆ. ಉಪ್ಪ ಎಲ್ಲರಿಗೂ "ಆಯಿತು, ನೋಡುವ" ಎಂದು ಹೇಳಿ ಕಳಿಸುತ್ತಾರೆ. ಅಂಗಡಿಯವನಿಗೆ ಎಲ್ಲರೂ ಬೇಕಲ್ಲ! ಆದರೆ ರಾತ್ರಿ ಊಟಕ್ಕೆ ಕೂತಾಗ ಮಾತು ಒಂದೇ: "ಈ ಸಲ ಇಂಥ ಚಿಹ್ನೆಗೆ." ಅಲ್ಲಿಗೆ ಮನೆಯ ಐದು ವೋಟೂ ತೀರ್ಮಾನವಾದಂತೆ. 2020ರಲ್ಲೂ ಹಾಗೇ ಆಯಿತು. ನಾನೂ ಮಾತಾಡದೆ ಹೋಗಿ ಒತ್ತಿ ಬಂದೆ.

ಆ ಐದರಲ್ಲಿ ಉಮ್ಮನದ್ದೂ ಒಂದು. ಮಳೆಗಾಲದಲ್ಲಿ ಚರಂಡಿ ನೀರು ಅಡುಗೆಮನೆಯ ಹಿಂದೆ ಬಂದು ನಿಲ್ಲುವಾಗ ಉಪ್ಪ ಅಂಗಡಿಯಲ್ಲಿರುತ್ತಾರೆ, ನಾನು ಕೆಲಸದಲ್ಲಿರುತ್ತೇನೆ. ಆ ನೀರಿನಲ್ಲಿ ಕಾಲಿಟ್ಟು ಓಡಾಡುವುದು ಉಮ್ಮ. ಕಳೆದ ಮಳೆಗಾಲದಲ್ಲಿ ಉಮ್ಮ ಹೇಳಿದರು: "ಮೋನೆ, ಆವತ್ತು ಸೋತ ಹೆಂಗಸು ಅಂಗನವಾಡಿಯ ನೀರಿಗಾಗಿ ಆಫೀಸು ಆಫೀಸು ಅಲೆದವಳು. ನನಗೆ ಅವಳಿಗೆ ಹಾಕಬೇಕು ಅಂತಿತ್ತು. ನನ್ನನ್ನು ಯಾರು ಕೇಳಿದರು?" ನನ್ನಲ್ಲಿ ಉತ್ತರ ಇರಲಿಲ್ಲ.

2025ರ ಡಿಸೆಂಬರ್ 11, ಗುರುವಾರ, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮತದಾನ. ಬೆಳಿಗ್ಗೆ 7ರಿಂದ ಸಂಜೆ 6ರ ತನಕ. ವಾರ್ಡುಗಳ ಗಡಿ ಈ ಸಲ ಬದಲಾಗಿದೆ. ಹಾಗಾಗಿ ಹಳೆಯ ಬೂತೇ ಎಂದುಕೊಂಡು ಹೊರಡಬೇಡಿ, ಪಟ್ಟಿಯಲ್ಲಿ ಹೆಸರು ಎಲ್ಲಿದೆ ಎಂದು ಮೊದಲೇ ನೋಡಿ. ಬಿಎಲ್‌ಒ ತಂದುಕೊಟ್ಟ ಎಸ್‌ಐಆರ್ ಫಾರ್ಮ್ ತುಂಬಿಸಿದರೆ ಇಲ್ಲಿ ಹೆಸರು ಇರುತ್ತದೆ ಎಂದಲ್ಲ. ಆ ಪಟ್ಟಿ ಬೇರೆ, ಪಂಚಾಯತ್ ಚುನಾವಣೆಯ ಪಟ್ಟಿ ಬೇರೆ.

ಪಂಚಾಯತಿನಲ್ಲಿ ಇರುವವರಿಗೆ ಮೂರು ವೋಟು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಮೆಷಿನ್ ವಿಷಯ ನೇರವಾಗಿ ಹೇಳುತ್ತೇನೆ. ಬಿಳಿ ಲೇಬಲ್ ಗ್ರಾಮ ಪಂಚಾಯತಿಗೆ, ಗುಲಾಬಿ ಬ್ಲಾಕಿಗೆ, ತಿಳಿನೀಲಿ ಜಿಲ್ಲಾ ಪಂಚಾಯತಿಗೆ. ಮೂರನ್ನೂ ಒತ್ತಿದ ಮೇಲೆಯೇ ಉದ್ದದ ಬೀಪ್ ಬರುವುದು. ಒಂದನ್ನೋ ಎರಡನ್ನೋ ಬಿಡುವುದಿದ್ದರೆ ಕೊನೆಗೆ 'ಎಂಡ್' ಬಟನ್ ಒತ್ತಬೇಕು. ಅದನ್ನು ಒತ್ತಿದ ಮೇಲೆ ಮತ್ತೆ ವೋಟು ಹಾಕಲಿಕ್ಕಾಗುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಹಿಂದಿನ ದಿನವೇ ಹೇಳಿಕೊಡಿ. ಯಾರಿಗೆ ಒತ್ತಬೇಕೆಂದು ಮಾತ್ರ ಹೇಳಬೇಡಿ.

ಮೆಷಿನ್ ಮೂರಿದ್ದರೂ ನಾವು ಕೊಡುವುದು ಒಂದೇ ವೋಟು. ಮೂರಕ್ಕೂ ಒಂದೇ ಚಿಹ್ನೆ, ಮುಗಿಯಿತು. ಆದರೆ ಮೂವರ ಕೆಲಸ ಬೇರೆ ಬೇರೆ. ಬೀದಿ ದೀಪ, ಚರಂಡಿ, ಅಂಗನವಾಡಿ, ಪಿಂಚಣಿ ಅರ್ಜಿ, ಉಪ್ಪನ ಅಂಗಡಿಯ ಲೈಸೆನ್ಸು ಎಲ್ಲ ಗ್ರಾಮ ಪಂಚಾಯತಿನದ್ದು. ಸಮುದಾಯ ಆರೋಗ್ಯ ಕೇಂದ್ರ ಬ್ಲಾಕಿನದ್ದು. ಜಿಲ್ಲಾ ಆಸ್ಪತ್ರೆ, ಸರಕಾರಿ ಹೈಸ್ಕೂಲು ಜಿಲ್ಲಾ ಪಂಚಾಯತಿನದ್ದು. ನಮ್ಮ ಮಕ್ಕಳ ಕನ್ನಡ ಮಾಧ್ಯಮ ಹೈಸ್ಕೂಲಿನ ಕಟ್ಟಡ ಸೋರುತ್ತದೆ ಎಂದು ದೂರುವವರು ಆ ತಿಳಿನೀಲಿ ಲೇಬಲಿನ ಮುಂದೆ ಒಂದು ಕ್ಷಣ ನಿಂತು ಯೋಚಿಸಬೇಡವೇ?

"ಪಕ್ಷ ನೋಡದೆ ವೋಟು ಹಾಕಲಿಕ್ಕಾಗುತ್ತದಾ?" ಎಂದು ಉಪ್ಪ ಕೇಳುತ್ತಾರೆ. ಆ ಮಾತಿನಲ್ಲೂ ಹುರುಳಿದೆ. ಉಳ್ಳಾಲ ಕಡೆಯ ನಮ್ಮ ನೆಂಟರಿಗೆ ಗ್ರಾಮ ಪಂಚಾಯತಿನಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ನಮಗೆ ಕೇರಳದಲ್ಲಿ ಇದೆ. ವಿಧಾನಸಭೆಗೆ ಪಕ್ಷ ನೋಡಿ, ಜಿಲ್ಲಾ ಪಂಚಾಯತಿಗೂ ಬೇಕಿದ್ದರೆ ನೋಡಿ. ಆದರೆ ವಾರ್ಡಿನ ಮೆಂಬರ್ ನಾವು ಮುಖ ನೋಡಿ ಕೇಳಬಹುದಾದ ಮನುಷ್ಯ. ಮನೆಗೆ ಬಂದಾಗ ಚಹಾ ಕೊಟ್ಟು ಒಂದು ಪ್ರಶ್ನೆ ಕೇಳಿ: "ಗ್ರಾಮಸಭೆ ಕರೆಯುತ್ತೀರಾ? ಹೆಂಗಸರು ಬರಬಹುದಾದ ಹೊತ್ತಿಗೆ ಕರೆಯುತ್ತೀರಾ?" ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕೇರಳದ ಪಂಚಾಯತ್ ಕಾನೂನೇ ಹೇಳುತ್ತದೆ. ಸವಲತ್ತು ಯಾರಿಗೆ ಎಂಬ ಪಟ್ಟಿ ಅಲ್ಲಿ ಚರ್ಚೆಯಾಗುತ್ತದೆ. ನಾವು ಹೋಗದಿದ್ದರೆ ಹೋದವರ ಹೆಸರೇ ಮೇಲೆ ಬರುತ್ತದೆ.

ಇಲ್ಲಿ ಅರ್ಧದಷ್ಟು ಸೀಟು ಹೆಂಗಸರಿಗೆ ಮೀಸಲು. ಮೆಂಬರ್ ಹೆಂಗಸಾಗಬಹುದು, ಆದರೆ ಯಾರಿಗೆ ವೋಟು ಎಂದು ಮನೆಯ ಹೆಂಗಸು ತೀರ್ಮಾನಿಸಬಾರದು ಎಂದರೆ ಅದು ಯಾವ ನ್ಯಾಯ?

ನಿನ್ನೆ ರಾತ್ರಿ ಊಟದ ಹೊತ್ತಿಗೆ ಉಪ್ಪ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ: "ಉಪ್ಪಾ, ಈ ಸಲ ಉಮ್ಮ ಅವರಿಗೆ ಬೇಕಾದವರಿಗೆ ಹಾಕಲಿ. ಯಾರಿಗೆ ಹಾಕಿದ್ದು ಎಂದು ನಾವು ಕೇಳುವುದು ಬೇಡ." ಉಪ್ಪ ಉತ್ತರ ಕೊಡಲಿಲ್ಲ, ಮೀನಿನ ಮುಳ್ಳು ತೆಗೆಯುತ್ತಾ ಕೂತರು. ಉಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ನಿಮ್ಮ ಮನೆಯಲ್ಲೂ ಮತದಾನದ ಮೊದಲು ಈ ಮಾತು ಒಮ್ಮೆ ಆಗಲಿ.